ದಾನಕ್ಕೆ ಬಂದ ಯಂತ್ರ

ಮಗಳು ಕಾಲೇಜಿನಲ್ಲಿ ಎಷ್ಟು ಅಂಕ ತೆಗೆದಳೆಂದು ತಪ್ಪದೆ ಕೇಳುತ್ತೀರಿ. ಅವಳು ಎಂಥ ಯಂತ್ರದ ಮುಂದೆ ನಿಲ್ಲುತ್ತಾಳೆಂದು ಒಂದು ದಿನವಾದರೂ ಕೇಳಿದ್ದೀರಾ? ಅಂಥ ಕಾಲೇಜೊಂದರ ಅಧ್ಯಾಪಕಿ ಒಮ್ಮೆ ಕೇಳಿದ್ದರು, ಕೇಳಿ ಸುಮ್ಮನಾಗಿದ್ದರು. ಅದರ ಫಲವಾಗಿ ಈಗ ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಕುಳಿತಿದ್ದರು.

ಮೇಜಿನ ಮೇಲೆ ಬೆರಳುದ್ದದ ತಾಮ್ರದ ತಂತಿಯೊಂದು ಬಿದ್ದಿತ್ತು. ಅದರಾಚೆ ಫೋರ್‌ಮನ್. ಗೋಡೆಗೊರಗಿ ತಲೆ ತಗ್ಗಿಸಿ ನಿಂತವಳು ಅವರದೇ ವಿದ್ಯಾರ್ಥಿನಿ. ಪಾಠದಲ್ಲೂ ಮಾತಿನಲ್ಲೂ ಎಲ್ಲರಿಗಿಂತ ಮುಂದಿದ್ದುದರಿಂದ ಕಾಲೇಜೆಲ್ಲ ಅವಳನ್ನು ಚೂಟಿ ಎಂದೇ ಕರೆಯುತ್ತಿತ್ತು. ಕಾಲೇಜಿಗೂ ಕಾರ್ಖಾನೆಗೂ ಆದ ಒಪ್ಪಂದದಂತೆ ತರಬೇತಿಗೆ ಬಂದ ಮೊದಲ ತಂಡದವಳು. ಈ ತರಬೇತಿ ಕೈತಪ್ಪಿದರೆ ಅವಳಿಗೆ ಈ ವರ್ಷ ಪದವಿಯಿಲ್ಲ.

"ನಮ್ಮ ಮಿಲ್ಲಿಂಗ್ ಮಷೀನು ಬಾಗಿಲು ಮುಚ್ಚಿದ್ರೆ ಮಾತ್ರ ತಿರುಗುತ್ತೆ, ಮೇಡಂ. ಅದಕ್ಕೇ ಬಾಗಿಲ ಸಂದಿಯಲ್ಲಿ ಒಂದು ಸ್ವಿಚ್ ಇಟ್ಟಿರೋದು. ನಿಮ್ಮ ಹುಡುಗಿ ಆ ಸ್ವಿಚ್ಚನ್ನ ಈ ತಂತಿಯಿಂದ ಒತ್ತಿ ಕಟ್ಟಿ, ಬಾಗಿಲು ತೆಗೆದಿಟ್ಟೇ ಮಷೀನು ಓಡಿಸ್ತಿದ್ದಳು. ತೋಳಿಗೂ ಲೋಹ ಕೊರೆಯೋ ಕಟ್ಟರಿಗೂ ಗೇಣು ದೂರ ಇರ್ಲಿಲ್ಲ. ನಾನು ಓಡಿಹೋಗಿ ಕೆಂಪು ಗುಂಡಿ ಒತ್ತಿದೆ, ಬಚಾವಾದಳು." ಫೋರ್‌ಮನ್ ತಂತಿಯನ್ನು ಮುಂದಕ್ಕೆ ತಳ್ಳಿದ. "ಇಲ್ಲಿ ಹೀಗೆ ಮಾಡಿದವರು ಅವತ್ತೇ ಗೇಟಿನ ಆಚೆ. ನನ್ನ ಒಡಹುಟ್ಟಿದ ತಮ್ಮನಾದ್ರೂ ಅಷ್ಟೇ."

ಅಧ್ಯಾಪಕಿ ಕಿಡಿಕಿಡಿಯಾಗಿ ಹುಡುಗಿಯತ್ತ ತಿರುಗಿದರು. "ತಲೇಲಿ ಬುದ್ಧಿ ಇದೆಯೇನೇ ನಿಂಗೆ? ಯಾರು ಹೇಳಿಕೊಟ್ಟರು ಇದನ್ನ?"

"ನೀವೇ, ಮೇಡಂ."

"ನಾನಾ!"

"ನಮ್ಮ ಲ್ಯಾಬಲ್ಲಿ ಮಷೀನು ಶುರು ಮಾಡೋ ಮುಂಚೆ ತಂತಿ ಬಿಗಿಯಾಗಿದೆಯಾ ನೋಡಿಕೋ ಅಂತ ಹೇಳಿಕೊಟ್ಟಿದ್ದೀರಲ್ಲ. ಇಲ್ಲಿ ನೋಡಿದ್ರೆ ತಂತಿನೇ ಇರ್ಲಿಲ್ಲ. ಎಲ್ಲೋ ಬಿದ್ದುಹೋಗಿದೆ, ಪಾಪ, ಇವರು ಗಮನಿಸಿಲ್ಲ ಅಂದ್ಕೊಂಡು ನಾನೇ ಹುಡುಕಿ ಕಟ್ಟಿದೆ."

ಫೋರ್‌ಮನ್‌ಗೆ ನಗು ತಡೆಯಲಾಗಲಿಲ್ಲ. "ದೊಡ್ಡ ಉಪಕಾರ ಮಾಡಿದೆ ಬಿಡಮ್ಮಾ! ನಿಮ್ಮ ಕಾಲೇಜಲ್ಲಿ ಬ್ರೇಕು ಕಿತ್ತಿಟ್ಟು ಕಾರು ಕಲಿಸ್ತಾರೇನೋ. ಅಲ್ಲಾ ಮೇಡಂ, ಅಂಥ ಮಷೀನನ್ನ ನಿಮಗೆ ಯಾವ ಪುಣ್ಯಾತ್ಮ ಕೊಟ್ಟ?"

"ನೀವೇ," ಎಂದರು ಅಧ್ಯಾಪಕಿ. "ಒಪ್ಪಂದಕ್ಕೆ ಸಹಿ ಬಿದ್ದ ದಿನ ನಿಮ್ಮ ಕಾರ್ಖಾನೆ ಕೊಟ್ಟ ಉಡುಗೊರೆ. ತಂತಿ ಸಮೇತ ಬಂತು."

ನಗು ನಿಂತಿತು. "ನೀಲಿ ಬಣ್ಣದ್ದಾ? ಬಾಗಿಲ ಕೆಳಮೂಲೆ ನೆಗ್ಗಿದೆಯಾ?"

"ಹೌದು."

ಫೋರ್‌ಮನ್ ತಂತಿಯನ್ನು ಎತ್ತಿಕೊಂಡು ಬೆರಳಿಗೆ ಸುತ್ತತೊಡಗಿದ. "ಬಾಗಿಲು ತೆಗೆದಾಗೆಲ್ಲ ಮಷೀನು ನಿಂತ್ರೆ ಕೆಲಸ ಸಾಗಲ್ಲ ಅಂತ ಇಲ್ಲಿನವರೇ ಯಾರೋ ಕಟ್ಟಿದ್ದರು. ಅದರಲ್ಲೇ ನಮ್ಮವನೊಬ್ಬನ ಎರಡು ಬೆರಳು ಹೋಯ್ತು. ಆಮೇಲೆ, ಅದು ಇಲ್ಲಿರೋದು ಬೇಡ, ಹೊರಗೆ ಹಾಕಿ ಅಂದ್ರು ಮೇಲಿನವರು."

"ಹೊರಗೆ ಅಂದರೆ?"

ಉತ್ತರವು ಕಾಲೇಜಿನ ಪ್ರಯೋಗಾಲಯದಲ್ಲಿ, ದಾನಿಗಳ ಹೆಸರು ಹೊತ್ತ ಹಿತ್ತಾಳೆಯ ಫಲಕದ ಕೆಳಗೆ ನಿಂತಿತ್ತು. ಯಂತ್ರ ಬಂದಿಳಿದ ದಿನ, ಈ ತಂತಿ ಏಕೆಂದು ಅಧ್ಯಾಪಕಿ ಪ್ರಾಂಶುಪಾಲರನ್ನು ಕೇಳಿದ್ದರು. "ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬೇಡಿ ಮೇಡಂ," ಎಂದು ಅವರು ನಕ್ಕಿದ್ದರು. ಇವರೂ ನಕ್ಕಿದ್ದರು. ಅಂದು ನಕ್ಕು ಬಿಟ್ಟ ಪ್ರಶ್ನೆ ಮರುವಾರದಿಂದಲೇ ಪಾಠವಾಗಿ, ತರಗತಿಯಿಂದ ತರಗತಿಗೆ ಹರಡಿತ್ತು. ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತವಳು ಇಂದು ಕೈಯನ್ನೇ ಕಳೆದುಕೊಳ್ಳುವುದರಲ್ಲಿದ್ದಳು.

"ಒಂದು ಕೆಲಸ ಮಾಡೋಣ ಮೇಡಂ," ಫೋರ್‌ಮನ್ ದನಿ ತಗ್ಗಿಸಿದ. "ಹುಡುಗಿಯದೇ ತಪ್ಪು ಅಂತ ಬರೆದು ಮನೆಗೆ ಕಳಿಸಿಬಿಡೋಣ. ನಿಮ್ಮ ಒಪ್ಪಂದಕ್ಕೂ ಧಕ್ಕೆಯಿಲ್ಲ, ನಮ್ಮ ಹೆಸರಿಗೂ ಕುಂದಿಲ್ಲ."

ಚೂಟಿ ಮೊದಲ ಸಲ ತಲೆ ಎತ್ತಿದಳು.

ಅಧ್ಯಾಪಕಿ ಎದ್ದು ನಿಂತರು. "ಬರೆಯಿರಿ. ಆದರೆ ಸರಿಯಾಗಿ ಬರೆಯಿರಿ. ಗೇಟಿನ ಆಚೆ ಹೋಗಬೇಕಾದವಳು ನಾನು. ನನ್ನ ಹಿಂದೆಯೇ, ಬೆರಳು ತಿಂದ ಯಂತ್ರವನ್ನು ಮಕ್ಕಳಿಗೆ ದಾನ ಮಾಡಿದವರು. ಹಾಗೆ ಬರೆದರೆ ಈಗಲೇ ಸಹಿ ಹಾಕ್ತೀನಿ. ಇವಳ ಹೆಸರು ಬರೆದರೆ ಒಪ್ಪಂದವನ್ನೂ ವಾಪಸ್ ತಗೊಳ್ಳಿ, ಯಂತ್ರವನ್ನೂ ವಾಪಸ್ ತಗೊಳ್ಳಿ."

ಫೋರ್‌ಮನ್ ತನ್ನ ಬೆರಳಿಗೆ ಸುತ್ತಿದ್ದ ತಂತಿಯನ್ನೇ ನೋಡಿದ. ಬಳಿಕ ಅದನ್ನು ಬಿಚ್ಚಿ ಕಸದ ಡಬ್ಬಿಗೆ ಹಾಕಿ, ಮೇಜಿನ ಖಾನೆಯಿಂದ ಇಕ್ಕಳ ತೆಗೆದ. "ಮೇಲಿನವರ ಹತ್ರ ನಾನು ಮಾತಾಡ್ತೀನಿ. ಬೈತಾರೆ, ಬೈಸಿಕೊಳ್ತೀನಿ. ನಡೀರಿ ಮೇಡಂ, ಮೊದಲು ನಿಮ್ಮ ಲ್ಯಾಬು ನೋಡೋಣ. ನೀನೂ ಬಾರಮ್ಮಾ, ಉಪಕಾರಿ. ನಾಳೆಯಿಂದ ನನ್ನ ಪಕ್ಕದಲ್ಲೇ ನಿಂತು ಕಲೀಬೇಕು."

ಪ್ರಯೋಗಾಲಯದಲ್ಲಿ ಇಕ್ಕಳ ಹಿಡಿದವಳು ಚೂಟಿ. ತಂತಿ ಕಟಕ್ಕನೆ ತುಂಡಾಯಿತು. ಕಿರಿಯ ತಂಡದ ಹುಡುಗನೊಬ್ಬ ಎಂದಿನಂತೆ ಬಾಗಿಲು ತೆರೆದಿಟ್ಟೇ ಹಸಿರು ಗುಂಡಿ ಒತ್ತಿದ. ಯಂತ್ರ ಮಿಸುಕಲಿಲ್ಲ.

"ಅಯ್ಯೋ, ಕೆಟ್ಟುಹೋಯ್ತಾ ಮೇಡಂ?"

"ಇಲ್ಲಪ್ಪಾ," ಎಂದರು ಅಧ್ಯಾಪಕಿ. "ಇಷ್ಟು ದಿನ ಕೆಟ್ಟಿತ್ತು."

ಓದುಗರೇ, ನಿಮ್ಮ ಮಕ್ಕಳ ಪ್ರಯೋಗಾಲಯಕ್ಕೂ ಒಮ್ಮೆ ಹೋಗಿ. ಹಿತ್ತಾಳೆಯ ಫಲಕ ಓದುತ್ತ ನಿಲ್ಲಬೇಡಿ. ದೂರ ನಿಂತು, ಬಾಗಿಲು ತೆರೆದಿಟ್ಟು ಹಸಿರು ಗುಂಡಿ ಒತ್ತಿಸಿ. ಯಂತ್ರ ತಿರುಗಿದರೆ, ದಯವಿಟ್ಟು, ನಕ್ಕು ಮನೆಗೆ ಬರಬೇಡಿ.