ಬೆಕ್ಕಿನ ಕಲ್ಲು

"ಉಚ್ಚೆ ಕಟ್ಟಿರೋದು ಕಲ್ಲಿನಿಂದಲ್ಲಮ್ಮ, ಕ್ಯಾನ್ಸರ್ ಗಡ್ಡೆಯಿಂದ. ಟ್ಯೂಬ್ ಹಾಕಿದೀನಿ. ಬೆಕ್ಕು ಇನ್ನು ಕೆಲವು ತಿಂಗಳು ಇರಬಹುದು," ಎಂದರು ಪಶುವೈದ್ಯರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೊರಗೆ ನಮ್ಮನೆಯವರು ಕೂತಿದಾರೆ ಡಾಕ್ಟ್ರೇ. ಅವರ ಮುಂದೆ ಕ್ಯಾನ್ಸರ್ ಅನ್ನೋ ಮಾತೇ ಎತ್ತಬೇಡಿ. ಕಲ್ಲು ಅಂದುಬಿಡಿ."

ಆಕೆ ಔಷಧಿ ತರಲು ಹೋದಾಗ ವೈದ್ಯರು ಬೆಂಚಿನ ಮೇಲಿದ್ದ ಗಂಡನ ಹತ್ತಿರ ಬಂದರು. ಸುಳ್ಳು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. "ಏನಿಲ್ಲ ಸಾರ್, ಸಣ್ಣ ಕಲ್ಲು. ಟ್ಯೂಬ್ ಹಾಕಿದೀವಿ, ಸರಿಹೋಗುತ್ತೆ."

ಆ ಯಜಮಾನರು ತಮ್ಮ ಪಂಚೆಯ ಅಂಚನ್ನು ಸ್ವಲ್ಪ ಸರಿಸಿದರು. ಕಾಲಿಗೆ ಕಟ್ಟಿದ್ದ ಮೂತ್ರದ ಚೀಲ ಕಾಣಿಸಿತು.

"ನನಗೂ ನನ್ನ ಡಾಕ್ಟರ ಬಾಯಲ್ಲಿ ಇದನ್ನೇ ಹೇಳಿಸಿದಾಳೆ. ನನಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳಬೇಡಿ."