ಗಂಡ ಮಲಗುತ್ತಿದ್ದ ಬದಿ

ಊರೆಲ್ಲ ಕಡಲೊಳಗೆ ಮುಳುಗಿ ಹನ್ನೊಂದು ವರ್ಷವಾಗಿತ್ತು. ಎಲ್ಲರಂತೆ ಮಂಕಾಳಿಯ ಸಂಸಾರವೂ ಹಾಯಿದೋಣಿಯಲ್ಲೇ ನಡೆದಿತ್ತು. ಗಂಡ ತೀರಿಕೊಂಡ ಮೇಲೆ ಅವನು ಮಲಗುತ್ತಿದ್ದ ಬದಿಗೆ ಅವಳು ಬಲೆ, ಅಕ್ಕಿಮೂಟೆ ತುಂಬಿಟ್ಟಿದ್ದಳು. ಖಾಲಿ ಜಾಗ ಕಣ್ಣಿಗೆ ಬೀಳಬಾರದಲ್ಲ.

ದೋಣಿ ಒಡೆದುಹೋದ ಜುಲೇಖಾ ಎಂಬವಳನ್ನು ಅವಳ ದೋಣಿಗೆ ಕಳಿಸುತ್ತೇವೆಂದು ಒಂದು ಬೆಳಿಗ್ಗೆ ದೋಣಿ ಸಂಘದವರು ರೇಡಿಯೋದಲ್ಲಿ ಹೇಳಿದರು. ಮಂಕಾಳಿ ಬಲೆ, ಮೂಟೆಗಳನ್ನು ಹೊತ್ತು ಮೇಲೆ ದೋಣಿಯ ಅಟ್ಟಣೆಗೆ ಹಾಕಿದಳು. ಎರಡು ಬೆಂಚುಗಳ ನಡುವೆ ಹಲಗೆ ಕೂಡಿಸಿ, ನಾರಿನ ಹಾಸಿಗೆಯನ್ನು ದೋಣಿಯ ಚೂಪು ಮೂತಿಯ ಆಕಾರಕ್ಕೆ ತಕ್ಕಂತೆ ಕತ್ತರಿಸಿ ಹಾಸಿದಳು. ಗಂಡನ ದಿಂಬನ್ನು ಮಾತ್ರ ತುಸು ಹೊತ್ತು ಕೈಯಲ್ಲೇ ಹಿಡಿದಿದ್ದು, ಆಮೇಲೆ ಒಗೆದ ಚೀಲ ತೊಡಿಸಿ ಅಲ್ಲಿಟ್ಟಳು.

ಸಂಜೆ ಬಂದ ಜುಲೇಖಾ ದೋಣಿಯ ಒಳಕೋಣೆಯ ಬಾಗಿಲಲ್ಲೇ ನಿಂತಳು. "ನಂಗೆ ಗೊರಕೆ ಜಾಸ್ತಿ. ನಾ ಮೇಲೇ ಮಲಗ್ತೆ, ಅಡ್ಡಿಲ್ಲ."

"ಒಳಗೇ ಬಾ ಮಾರಾಯ್ತಿ," ಎಂದಳು ಮಂಕಾಳಿ. "ಮೂರು ವರ್ಷದಿಂದ ನೀರಿನ ಸದ್ದೊಂದೇ ಕೇಳ್ತಾ ಮಲಗಿದ್ದೆ ನಾನು."