ಔಟಾದ ಮೇಲೂ ಹೆಲ್ಮೆಟ್ ತೆಗೆಯಬೇಡ

ಬೇಸ್‌ಬಾಲ್ ನಿಯಮ ನನಗೂ ಪೂರ್ತಿ ಗೊತ್ತಿಲ್ಲ... ನಿಮಗೂ ಗೊತ್ತಿರಲಿಕ್ಕಿಲ್ಲ. ಪರವಾಗಿಲ್ಲ, ಈ ಕಥೆಯ ಹುಡುಗನಿಗೂ ಗೊತ್ತಿರಲಿಲ್ಲ!

ಗದಗದ ಕಡೆಯ ಒಂದು ಹೈಸ್ಕೂಲು. ಫಕ್ಕೀರೇಶ ಅಂತ ಒಬ್ಬ ಹುಡುಗ. ಗಲ್ಲಿ ಕ್ರಿಕೆಟ್‌ನಲ್ಲಿ ಅವನು ಹೊಡೆದರೆ ಚೆಂಡು ಪಕ್ಕದ ಓಣಿಗೇ ಹೋಗಬೇಕು.

ಅದನ್ನು ನೋಡಿದ ಪಿ.ಟಿ. ಮೇಷ್ಟ್ರು ಹೊಂಬಳ ಸರ್ ಅವನನ್ನು ಹೊಸ ಬೇಸ್‌ಬಾಲ್ ಟೀಮಿಗೆ ಎಳೆದುಕೊಂಡರು.

ಮೊದಲ ಮ್ಯಾಚು. ನಾಲ್ಕು ಬೇಸು ಸುತ್ತಿ ಬಂದರೆ ಒಂದು ರನ್; ಗೆಳೆಯ ಮೈಲಾರಿ ಅರ್ಧ ದಾರಿ ಓಡಿ ಎರಡನೇ ಬೇಸಿನ ಮೇಲೆ ನಿಂತಿದ್ದ. ಈಗ ಬ್ಯಾಟಿಂಗ್ ಫಕ್ಕೀರೇಶನದು.

ಸರ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು... "ಬೀಸಬ್ಯಾಡ. ಬ್ಯಾಟ್ ಅಡ್ಡ ಹಿಡದು ಚೆಂಡು ಮುಂದ ಕೆಡವು. ನೀ ಔಟ್ ಆಗ್ತಿ, ಆಗ್ಲಿ. ಅಷ್ಟರಾಗ ಅಂವ ಮುಂದಕ್ಕ ಓಡ್ತಾನ."

"ಬೇಕಂತನ ಔಟ್ ಆಗಬೇಕೇನ್ರೀ ಸರ್?!"

ಹುಡುಗನಿಗೆ ತಲೆಬುಡ ತಿಳಿಯಲಿಲ್ಲ. ಹೇಳಿದಂತೆ ಮಾಡಿದ... ಔಟಾದ. ಮೈಲಾರಿ ಓಡಿದ, ಚಪ್ಪಾಳೆಯೆಲ್ಲ ಮೈಲಾರಿಗೇ ಬಿತ್ತು.

ನಮ್ಮ ಹುಡುಗ ಹೆಲ್ಮೆಟ್ ತೆಗೆದಿಟ್ಟ... ಚಪ್ಪಲಿ ಮೆಟ್ಟಿದ... ಸೀದಾ ಮನೆಗೆ ಹೋಗಿಬಿಟ್ಟ!

ಪಾಪ, ಕ್ರಿಕೆಟ್ ತಲೆ. ಔಟಾದ ಮೇಲೆ ಅಲ್ಲೇನು ಕೆಲಸ?

ಆದರೆ ಬೇಸ್‌ಬಾಲ್‌ನಲ್ಲಿ ಒಂಬತ್ತು ಜನರ ಬ್ಯಾಟಿಂಗ್ ಮುಗಿದರೆ ಮತ್ತೆ ಮೊದಲನೆಯವನಿಂದ ಸರದಿ ಶುರು. ಅವನ ಹೆಸರು ಎರಡನೇ ಸಲ ಕೂಗಿದಾಗ ಆಸಾಮಿ ಮನೆಯಲ್ಲಿ ಚುರುಮುರಿ ತಿನ್ನುತ್ತಿದ್ದ. ಬದಲಿ ಆಟಗಾರ ಇರಲಿಲ್ಲ. ಟೀಮು ಸೋತಿತು.

ಮರುದಿನ ಸರ್ ಬಯ್ಯಲಿಲ್ಲ.

"ಲೇ ಫಕ್ಕೀರ್ಯಾ, ಈ ಆಟದಾಗ ಔಟ್ ಆದವ್ರು ಮನಿಗೆ ಹೋಗಂಗಿಲ್ಲ. ಹೆಲ್ಮೆಟ್ ತೆಗೀಬ್ಯಾಡ, ಕುಂತಿರು. ಸರದಿ ಬರ್ತೈತಿ" ಅಂದರು ಅಷ್ಟೇ.

ಮುಂದೆ ಅವನಿಗೆ ಕ್ರೀಡಾ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿತು. ಅದೇ ವರ್ಷ ಅಕ್ಕ ದಾಕ್ಷಾಯಣಿಗೂ ದೂರದ ಊರಿನಲ್ಲಿ ನರ್ಸಿಂಗ್ ಸೀಟು ಬಂತು. ಅದೇ ವರ್ಷ ಅವ್ವ ಹಾಸಿಗೆ ಹಿಡಿದಳು...

ಅಪ್ಪ ಇಲ್ಲದ ಮನೆ. ಇಬ್ಬರಲ್ಲಿ ಒಬ್ಬರು ಉಳಿಯಲೇಬೇಕಿತ್ತು.

"ನೀ ಓಡೋ ತಮ್ಮಾ, ನಾ ಇರ್ತೀನಿ" ಅಂದಳು ಅಕ್ಕ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಹುಡುಗ ಬ್ಯಾಗ್ ಹಿಡಿದು ಹೋದ. ಆ ವಯಸ್ಸು ಅಂಥದ್ದು, ಅವನಿಗೇನೂ ಹೊಳೆಯಲಿಲ್ಲ.

ಜಿಲ್ಲೆ ಆಯಿತು, ರಾಜ್ಯ ಆಯಿತು... ಆರು ವರ್ಷದ ನಂತರ ಹೊರದೇಶದ ಒಂದು ಪ್ರೊಫೆಷನಲ್ ಟೀಮು ಉತ್ತರ ಭಾರತದಲ್ಲಿ ನಡೆಸುವ ಆಯ್ಕೆಯ ಟ್ರಯಲ್ಸ್‌ಗೆ ಕರೆ ಬಂತು.

ಮೊದಲ ಸಲ ಔಟ್. ಎರಡನೇ ಸಲವೂ ಔಟ್!

ಸುತ್ತ ಬರೀ ಇಂಗ್ಲಿಷು, ಹಿಂದಿ. ಕೋಚ್ ಏನೋ ಬರೆದುಕೊಂಡರು, ಮುಖ ನೋಡಿದರೆ ಏನೂ ತಿಳಿಯದು. ಇರಲೋ... ಹೋಗಲೋ? ಅವನಂತೆ ಔಟಾದ ಇಬ್ಬರು ಆಗಲೇ ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದರು.

ಅವನು ಹೆಲ್ಮೆಟ್ ತೆಗೆಯಲಿಲ್ಲ. ಕೂತೇ ಇದ್ದ.

ಮೂರನೇ ಸಲ ಹೆಸರು ಕೂಗಿದರು... ಚೆಂಡು ಬೇಲಿ ದಾಟಿತು. ಸಂಜೆಯ ಪಟ್ಟಿಯಲ್ಲಿ ಅವನ ಹೆಸರಿತ್ತು!

ಊರಿಗೆ ಬಂದವನು ಬಸ್ಸಿಳಿದು ಸೀದಾ ಖಾನಾವಳಿಗೆ ಹೋದ. ಒಲೆಯ ಮುಂದೆ ಕೂತಿದ್ದ ಅಕ್ಕ, "ಅದೆಂಥಾ ಆಟೋ ಅದು, ಒಂದಿಷ್ಟು ತಿಳಿಸಿ ಹೇಳು" ಅಂದಳು.

ಹೇಳತೊಡಗಿದ. "ಗೆಳೆಯ ಓಡ್ಲಿ ಅಂತ ನಾವ ಬೇಕಂತ ಔಟ್ ಆಗೂದು ಅಕ್ಕಾ..."

ಅಷ್ಟಕ್ಕೇ ಮಾತು ನಿಂತುಹೋಯಿತು. ಅಕ್ಕನ ಕೈ ನೋಡಿದ. ಹಂಚಿನ ಕಾವಿಗೆ ಬೆರಳ ತುದಿಯೆಲ್ಲ ಕಪ್ಪಾಗಿತ್ತು.

ಮರುದಿನ ಅವಳ ಮುಂದೆ ನರ್ಸಿಂಗ್ ಕೋರ್ಸಿನ ಅರ್ಜಿ ಇಟ್ಟ.

"ಇದೇನೋ ಇದು? ನಂದು ಎಂದೋ ಮುಗೀತಲ್ಲೋ ತಮ್ಮಾ... ಈ ವಯಸ್ಸಿನಾಗ ನಾ ಸಾಲಿಗೆ ಹೋಗ್ಲೇನು? ನನಗೊಂದೂ ತಿಳೀವಲ್ದು..."

"ಮೊದಲ ಮ್ಯಾಚಿನಾಗ ನನಗೂ ತಿಳಿದಿದ್ದಿಲ್ಲಕ್ಕಾ. ಔಟ್ ಆದವ್ರಿಗೂ ಸರದಿ ಬರ್ತೈತಿ. ಅವ್ವ ಈಗ ಆರಾಮ ಅದಾಳ. ಇನ್ನ ನೀ ಓಡು."

ಅಕ್ಕ ಬಗ್ಗಿ ಅರ್ಜಿ ಓದಿದಳು. ಕಣ್ಣೀರು ಧಾರಾಕಾರ... ಆಮೇಲೆ ಹಿಟ್ಟಿನ ಕೈ ತೊಳೆದು ಬಂದಳು.

"ಪೆನ್ ಐತೇನೋ?" ಅಂದಳು.

ನಮಗಾಗಿ ಔಟಾದವರ ಸರದಿಯನ್ನು ನೆನಪಿಡಬೇಕಾದವರು ನಾವೇ.

ನೀವು ಓಡಲಿ ಅಂತ ನಿಮ್ಮ ಮನೆಯಲ್ಲಿ ಔಟಾದವರು ಯಾರು...? ಅವರ ಹೆಸರನ್ನು ಮತ್ತೊಮ್ಮೆ ಕೂಗಿದ್ದೀರಾ?